ಒಡೆಯೋ ಮೊದಲೇ ಅಣಸು



ಮಗಳ ಕೈ ಈಗ ಪರವಾಗಿಲ್ಲ. ಹೊಲಿಗೆ ಬಿಚ್ಚಿ ಹದಿನೈದು ದಿನ ಆಯ್ತು. ಹೆಬ್ಬೆರಳು ಮೊದಲಿನ ಹಾಗೇ ಮಡಚ್ತದೆ. ಫೋನ್ ಮಾಡಿ ಕೇಳಿದವರಿಗೆಲ್ಲ "ಬಾಣ ಮುರೀತು" ಅಂತ ಒಂದೇ ಮಾತು ಹೇಳಿ ಮುಗಿಸಿದ್ದೆ. ಅದು ಅರ್ಧ ಸತ್ಯ. ಉಳಿದರ್ಧ ಇಲ್ಲಿ ಬರೀತಿದೀನಿ. ಈ ಪೇಜಿನಲ್ಲಿ ಕೊಳೆರೋಗ, ಕಾಳುಮೆಣಸು, ದೋಟಿ ಬಿಟ್ಟು ಬೇರೆ ಬರೆದಿದ್ದು ಕಡಿಮೆ. ಇದು ಬಿಲ್ಲು ಬಾಣದ ವಿಷಯ. ಆದರೆ ನಮ್ಮ ಕಾರ್ಬನ್ ದೋಟಿಗೂ ಇದಕ್ಕೂ ಸಂಬಂಧ ಇದೆ, ಹಾಗಾಗಿ ತೋಟದವರು ಕೊನೆತನಕ ಓದಿ.

ತಮ್ಮನ ಮಗ ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದಾನೆ. ಕೊರೋನಾ ಟೈಮಲ್ಲಿ ಊರಿಗೆ ಬಂದವ ಲ್ಯಾಪ್‌ಟಾಪ್ ಜೊತೆಗೆ ಒಂದು ಬಿಲ್ಲನ್ನೂ ತಂದಿದ್ದ. ಮರದ ಹಿಡಿ, ತುದಿ ಎರಡೂ ಮುಂದಕ್ಕೆ ಬಾಗಿದ ಬಿಲ್ಲು. ಗುರಿ ನೋಡೋ ಸೈಟ್ ಇಲ್ಲ, ತುದಿಯಲ್ಲಿ ರಾಟೆ ಇಲ್ಲ, ಬೆರಳಲ್ಲೇ ಹೆದೆ ಎಳೆದು ಬಿಡಬೇಕು. ಟ್ರೆಡಿಷನಲ್ ಆರ್ಚರಿ ಅಂತಾರೆ. 28 ಇಂಚು ಎಳೆದರೆ 30 ಪೌಂಡ್, ಅಂದ್ರೆ ಹದಿಮೂರೂವರೆ ಕೆಜಿ ಭಾರ ಬೆರಳ ಮೇಲೆ ಬೀಳ್ತದೆ. ಅವ ವಾಪಸ್ ಹೋಗುವಾಗ ಬಿಲ್ಲು ಇಲ್ಲೇ ಬಿಟ್ಟು ಹೋದ. ಮಗಳು ಹಿಡಿದಳು. ಆಗ ಹೈಸ್ಕೂಲು, ಈಗ ಡಿಗ್ರಿ ಎರಡನೇ ವರ್ಷ. ರಜೆಯಲ್ಲಿ ಮನೆಗೆ ಬಂದರೆ ಬೆಳಿಗ್ಗೆ ತಿಂಡಿಗೆ ಮೊದಲು ಐವತ್ತು ಬಾಣ ಬಿಡದೆ ಒಳಗೆ ಬರೋದಿಲ್ಲ. ಆಟ ಅಂತ ನಾನು ನಗಾಡ್ತಿದ್ದೆ. ಆಮೇಲೆ ಬಾಣ ಹೆಕ್ಕೋ ಕೆಲಸ ನನ್ನದೇ ಆಯ್ತು.

ಬಾಣ ಕಾರ್ಬನ್ನಿನದು, 29 ಇಂಚು, ಒಳಗೆ ಟೊಳ್ಳು. ಮೇಲೆ 600 ಅಂತ ಬರೆದಿದೆ. ಅದು ಬಿಗಿಯ ಲೆಕ್ಕ. 28 ಇಂಚು ದೂರದ ಎರಡು ಆಧಾರದ ಮೇಲೆ ಕಡ್ಡಿ ಇಟ್ಟು ನಡುವೆ 880 ಗ್ರಾಂ ತೂಗುಬಿಟ್ಟರೆ ಅದು 0.600 ಇಂಚು ಬಗ್ಗತದೆ ಅಂತ ಅರ್ಥ. ನಂಬರ್ ಕಡಿಮೆ ಆದಷ್ಟೂ ಕಡ್ಡಿ ಬಿಗಿ. ಕಡ್ಡಿಯ ಮುಂದಿನ ಬಾಯೊಳಗೆ ಒಂದು ಸಣ್ಣ ಲೋಹದ ಕೊಳವೆ ಅಂಟಿಸಿರ್ತಾರೆ, ಅದಕ್ಕೆ ಇನ್ಸರ್ಟ್ ಅಂತ ಹೆಸರು. ಬಾಣದ ಮೊನೆಯನ್ನ ಅದಕ್ಕೆ ತಿರುಪಿ ಕೂರಿಸೋದು.

ಗುರಿಗೆ ಹುಲ್ಲಿನ ಪಿಂಡಿ ಇಟ್ಟಿದ್ದೆ, ಕೊಟ್ಟಿಗೆ ಹಿಂದೆ. ಪಿಂಡಿ ಹಿಂದೆ ದರೆ. ನಮ್ಮ ದರೆ ಹೇಗಿರ್ತದೆ ಅಂತ ನಿಮಗೆ ಗೊತ್ತಲ್ಲ, ಮೇಲೆ ಎರಡು ಇಂಚು ಮಣ್ಣು, ಒಳಗೆಲ್ಲ ಜಂಬಿಟ್ಟಿಗೆ ಕಲ್ಲು. ಗುರಿ ತಪ್ಪಿದ ಬಾಣ ಸೀದಾ ಹೋಗಿ ಕಲ್ಲಿಗೆ. ಒಂದು ಡಜನ್ ಬಾಣದಲ್ಲಿ ಏಳು ಹಾಳಾಯ್ತು. ನಾವು ತರಿಸಿದ ರೇಟಲ್ಲಿ ಒಂದಕ್ಕೆ 650 ರೂಪಾಯಿ. ಲೆಕ್ಕ ಹಾಕಿ ಎದೆ ಉರೀತು.

ಮುರಿದಿದ್ದನ್ನ ಎಸೀಲಿಲ್ಲ. ಒಂದು ಮಧ್ಯಾಹ್ನ ಏಳನ್ನೂ ಜಗಲಿ ಮೇಲೆ ಸಾಲಾಗಿ ಇಟ್ಟು ನೋಡಿದೆ. ಏಳಕ್ಕೆ ಏಳೂ ಮುಂದಿನ ಎರಡು ಇಂಚಿನೊಳಗೇ ಕೆಟ್ಟಿದ್ದು. ಹಿಂದಿನ 27 ಇಂಚು ಹೊಸದರ ಹಾಗಿದೆ. ನಾಲ್ಕರ ಬಾಯಿ ಹೂ ಬಿಚ್ಚಿದ ಹಾಗೆ ಸೀಳಿ ಹೋಗಿತ್ತು. ಮೂರು, ಒಳಗೆ ಇನ್ಸರ್ಟ್ ಎಲ್ಲಿಗೆ ಮುಗೀತದೋ ಸರಿಯಾಗಿ ಅಲ್ಲೇ ಕಡಿದಿದ್ದವು.

ಕಾರಣ ತಿಳಿಯೋದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಅಡಿಕೆ ದಬ್ಬೆ ಸೀಳಿದವರಿಗೆಲ್ಲ ಗೊತ್ತು. ಮರದ ನಾರು ಉದ್ದಕ್ಕೆ ಇರ್ತದೆ. ಅಡ್ಡ ಕಡಿಯೋದು ಕಷ್ಟ, ತುದಿಗೆ ಬೆಣೆ ಇಟ್ಟು ಒಂದು ಪೆಟ್ಟು ಕೊಟ್ಟರೆ ಸರ್ರಂತ ಸೀಳ್ತದೆ. ಕಾರ್ಬನ್ ಕಡ್ಡಿಯಲ್ಲೂ ಹೆಚ್ಚಿನ ನಾರು ಉದ್ದಕ್ಕೇ ಇರೋದು, ಅದನ್ನ ಹಿಡಿದಿಟ್ಟಿರೋದು ಅಂಟು. ಮೊನೆ ಕಲ್ಲಿಗೆ ಬಡಿದಾಗ ಇನ್ಸರ್ಟ್ ಹಿಂದಕ್ಕೆ ನುಗ್ಗತದೆ. ನಾವೇ ಬಾಯೊಳಗೆ ಒಂದು ಬೆಣೆ ಇಟ್ಟು ಕಲ್ಲಿಂದ ಹೊಡೆಸಿದ ಹಾಗೆ. ಓರೆಯಾಗಿ ಬಡಿದರೆ ಲೋಹ ಬಗ್ಗೋದಿಲ್ಲ, ಲೋಹ ಮುಗಿದ ಜಾಗದಲ್ಲಿ ಕಡ್ಡಿ ತಟ್ಟನೆ ಬಗ್ಗಬೇಕಾಗ್ತದೆ, ಅಲ್ಲೇ ಕಡೀತದೆ.

ಆಗ ನೆನಪಾಗಿದ್ದು ನಮ್ಮಮ್ಮನ ಒನಕೆ. ಅಟ್ಟದ ಮೇಲೆ ಇನ್ನೂ ಇದೆ. ಅದರ ತುದಿಗೆ ಕಬ್ಬಿಣದ ಬಳೆ ಹಾಕಿದಾರಲ್ಲ, ಅದೇ ಅಣಸು. ಈಗಿನ ಹುಡುಗರಿಗೆ ಈ ಶಬ್ದ ಗೊತ್ತಿರಲಿಕ್ಕಿಲ್ಲ. ಎಷ್ಟು ವರ್ಷ ಕುಟ್ಟಿದರೂ ಒನಕೆ ತುದಿ ಸೀಳದೇ ಇದ್ದಿದ್ದು ಆ ಬಳೆಯಿಂದ. ಮರ ಹೊರಕ್ಕೆ ಬಿಚ್ಚೋದಕ್ಕೆ ಜಾಗ ಕೊಡೋದಿಲ್ಲ ಅದು. ಆಚಾರಿಯ ಉಳಿ ಹಿಡಿಗೆ ಬಳೆ ಹಾಕೋದೂ ಅದಕ್ಕೇ.

ತಮ್ಮನ ಮಗನಿಗೆ ಫೋನ್ ಮಾಡಿ, ಬಾಣಕ್ಕೆ ಅಣಸು ಹಾಕಬಹುದಾ ಅಂತ ಕೇಳಿದೆ.

"ದೊಡ್ಡಪ್ಪ, ಅದಕ್ಕೆ ಫುಟಿಂಗ್ ಅಂತಾರೆ. ಬಹಳ ಜನ ಹಾಕ್ತಾರೆ. ಹಳೇ ಅಲ್ಯೂಮಿನಿಯಂ ಬಾಣ ಕತ್ತರಿಸಿ ಹಾಕೋದು. ಒಂದು ಕಳಿಸ್ತೀನಿ ತಡೀರಿ" ಅಂದ.

ಅವ ಹೇಳಿದ ಇನ್ನೊಂದು ವಿಷಯ ನನಗೆ ಖುಷಿ ಕೊಡ್ತು. ಇಂಗ್ಲೆಂಡಿನಲ್ಲಿ ಮರದ ಬಾಣದ ಕಾಲದಲ್ಲಿ ಮೆತ್ತನೆ ಮರದ ಕಡ್ಡಿಯ ಮುಂಭಾಗಕ್ಕೆ ಗಟ್ಟಿ ಮರದ ತುಂಡು ಬೆಸೀತಿದ್ದರಂತೆ, ಆ ಹೆಸರು ಅಲ್ಲಿಂದ ಬಂದಿದ್ದು. ನಮ್ಮ ದೇಶದ ಮೊಗಲರ ಕಾಲದ ಬಾಣ ಟೊಳ್ಳು ಜೊಂಡಿನದು. ಉಕ್ಕಿನ ಮೊನೆಗೆ ನಮ್ಮ ಕತ್ತಿಗಿರೋ ಹಾಗೆ ಬಾಲ ಇರ್ತಿತ್ತು, ಅದನ್ನ ಜೊಂಡಿನೊಳಗೆ ತೂರಿಸಿ, ಬಾಯಿ ಸೀಳದ ಹಾಗೆ ಹೊರಗಿಂದ ಪ್ರಾಣಿಯ ನರ ಬಿಗಿಯಾಗಿ ಸುತ್ತಿ ಅಂಟು ಬಳೀತಿದ್ದರು. ಟೊಳ್ಳು ಕಡ್ಡಿ, ಒಳಗಿಂದ ಬೆಣೆ, ಹೊರಗಿಂದ ಕಟ್ಟು. ನಮ್ಮ ಬಾಣಕ್ಕೆ ಬೇಕಾಗಿದ್ದೂ ಅದೇ.

ಅಲ್ಯೂಮಿನಿಯಂ ಬಾಣದ ಮೇಲೆ ನಾಲ್ಕು ಅಂಕಿ ಇರ್ತದೆ. ಅವ ಕಳಿಸಿದ್ದು 2117. ಮೊದಲಿನ ಎರಡು ಅಂಕಿ ಹೊರಗಿನ ದಪ್ಪ, ಇಂಚಿನ 64ನೇ ಭಾಗದ ಲೆಕ್ಕದಲ್ಲಿ. ಕೊನೆಯ ಎರಡು ಅಂಕಿ ಗೋಡೆಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ. ಅಂದ್ರೆ ಹೊರಗೆ 8.33 ಮಿ.ಮೀ., ಗೋಡೆ 0.43 ಮಿ.ಮೀ. ಎರಡೂ ಬದಿಯ ಗೋಡೆ ಕಳೆದರೆ ಒಳಗಿನ ಅಳತೆ 7.47 ಮಿ.ಮೀ. ನಮ್ಮ ಕಾರ್ಬನ್ ಕಡ್ಡಿ ವರ್ನಿಯರ್‌ನಲ್ಲಿ 7.40 ಬಂತು. ನಡುವೆ ಅಂಟಿಗೆ ಬೇಕಾದಷ್ಟೇ ಸಂದು. ಅದೇ 2216 ತಗೊಂಡಿದ್ದರೆ ಒಳಗೆ 7.92, ಗಡಗಡ ಅಂತಿತ್ತು. ಎಸ್ಸೆಸ್ಸೆಲ್ಸಿ ಲೆಕ್ಕ ಮೂವತ್ತೈದು ವರ್ಷದ ಮೇಲೆ ಉಪಯೋಗಕ್ಕೆ ಬಂತು ಅಂತ ಮಗಳು ತಮಾಷೆ ಮಾಡಿದಳು.

ಮಾಡಿದ ಕ್ರಮ ಇಷ್ಟು. ಸಣ್ಣ ಹಲ್ಲಿನ ಗರಗಸದಲ್ಲಿ ಒಂದೂವರೆ ಇಂಚಿನ ತುಂಡು ಮಾಡಿದೆ, ಒಂದು ಬಾಣಕ್ಕೆ ಹದಿನೆಂಟು ಅಣಸು ಸಿಕ್ತು. ಒಳಗಿನ ಚಕ್ಕೆಯನ್ನ ದುಂಡು ಅರದಲ್ಲಿ ತೆಗೆದೆ. ಹಿಂದಿನ ಅಂಚನ್ನ ಹೊರಗಿಂದ ಓರೆಯಾಗಿ ಅರ ಹಾಕಿದೆ, ಇಲ್ಲದಿದ್ದರೆ ಪಿಂಡಿಯಿಂದ ಬಾಣ ಕೀಳುವಾಗ ಸಿಕ್ಕಿಕೊಳ್ತದೆ. ಕಡ್ಡಿಯ ಬಾಯಿ ಹತ್ತಿರ ಸ್ಯಾಂಡ್ ಪೇಪರಿನಲ್ಲಿ ಹಗುರಾಗಿ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸಿದೆ. ಎರಡು ಟ್ಯೂಬು ಕಲಸೋ ಅಂಟು ಬಳಿದು, ಅಣಸನ್ನ ತಿರುಗಿಸ್ತಾ ತಿರುಗಿಸ್ತಾ ಕೂರಿಸಿ, ಬಾಯಿಯ ಅಂಚೂ ಅಣಸಿನ ಅಂಚೂ ಸಮ ಬರೋ ಹಾಗೆ ಮಾಡಿ ಒಂದು ರಾತ್ರಿ ನಿಲ್ಲಿಸಿದೆ. ಬೆಂಕಿ ತೋರಿಸಬಾರದು, ಕಾರ್ಬನ್ ಹಿಡಿದಿರೋ ಅಂಟೇ ಸತ್ತು ಹೋಗ್ತದೆ. ಕಾರ್ಬನ್ ಕಡ್ಡಿ ಕತ್ತರಿಸೋದಿದ್ದರೆ ಗರಗಸ ಬೇಡ, ನಾರು ಕಿತ್ತು ಬರ್ತದೆ. ತೆಳು ಕಟಿಂಗ್ ವೀಲ್ ಬಳಸಿ, ಮೂಗಿಗೆ ಮಾಸ್ಕ್ ಕಟ್ಟಿ. ಆ ಕರಿ ಧೂಳು ಶ್ವಾಸಕ್ಕೆ ಒಳ್ಳೇದಲ್ಲ.

ಒಂದು ಅಣಸಿನ ತೂಕ ಸುಮಾರು 18 ಗ್ರೇನ್, ಅಂದ್ರೆ 1.2 ಗ್ರಾಂ. ಬಾಣದಲ್ಲಿ ಅದೂ ಲೆಕ್ಕಕ್ಕೆ ಬರ್ತದೆ. ಹೆದೆ ಬಿಟ್ಟಾಗ ಬಾಣ ನೇರ ಹೋಗೋದಿಲ್ಲ ಮಾರಾಯ್ರೆ, ಮೀನಿನ ಹಾಗೆ ಬಳುಕಿ ಬಿಲ್ಲಿನ ಹಿಡಿಯನ್ನ ಸುತ್ತಿ ಹೋಗ್ತದೆ. ಮುಂದಿನ ಭಾರ ಹೆಚ್ಚಾದರೆ ಬಳುಕೂ ಹೆಚ್ಚು. ಅಣಸು ಹಾಕಿದ ಬಾಣ ಹದಿನೈದು ಮೀಟರಿನಲ್ಲಿ ಒಂದು ಗೇಣು ಬಲಕ್ಕೆ ಬೀಳ್ತಿತ್ತು. 125 ಗ್ರೇನ್ ಮೊನೆ ತೆಗೆದು 100 ಗ್ರೇನಿಂದು ಹಾಕಿದ ಮೇಲೆ ಸರಿಯಾಯ್ತು. ಇನ್ನೊಂದು, ಪೂರ್ತಿ ಎಳೆದಾಗ ಅಣಸು ಬಿಲ್ಲಿನ ಮೆಟ್ಟಿಲ ಮೇಲೆ ಬರಬಾರದು, ಅದರಿಂದ ಮುಂದೇ ಇರಬೇಕು. ಮಗಳು ಎಳೆಯೋದು 27 ಇಂಚು, ಬಾಣ 29, ಹಾಗಾಗಿ ಒಂದೂವರೆ ಇಂಚು ಹೊಂದಿತು.

ಫಲ ಸಿಕ್ತು. ಮಳೆ ಬಿಡುವಿನಲ್ಲಿ ಎರಡು ಬಾಣ ಠಣ್ ಅಂತ ಕಲ್ಲಿಗೆ ಬಡಿದರೂ ಬಾಯಿ ಬಿಚ್ಚಲಿಲ್ಲ. ಮೊನೆ ಮೊಂಡಾಯ್ತು ಅಷ್ಟೆ. ಮೂರನೇದು ಓರೆಯಾಗಿ ಬಡಿದು ಕಡೀತು, ಅಣಸು ಮುಗಿದ ಜಾಗದ ಹಿಂದೆ. ಅಲ್ಲೇ ನಾನು ಸ್ವಲ್ಪ ನಿಂತು ಯೋಚನೆ ಮಾಡಬೇಕಿತ್ತು. ಅಣಸು ಸೀಳೋದನ್ನ ತಡೀತದೆ. ಓರೆ ಪೆಟ್ಟನ್ನ ತಡೆಯೋದಿಲ್ಲ, ಮುರಿಯೋ ಜಾಗವನ್ನ ಒಂದೂವರೆ ಇಂಚು ಹಿಂದಕ್ಕೆ ತಳ್ತದೆ ಅಷ್ಟೆ. ನಾನು ಯೋಚನೆ ಮಾಡಲಿಲ್ಲ. ಬಂದು ಹೋದವರಿಗೆಲ್ಲ ಅಣಸು ತೋರಿಸಿ ಹೆಚ್ಚುಗಾರಿಕೆ ಕೊಚ್ಚಿಕೊಳ್ತಿದ್ದೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ಅಣಸು ಹಾಕೋ ದಿನ ಉಳಿದ ಐದು ಬಾಣದಲ್ಲಿ ಒಂದರ ಬಾಯಿ ಹತ್ತಿರ ಕೂದಲಿನಷ್ಟು ತೆಳು ಗೆರೆ ಕಂಡಿತ್ತು. ಉದ್ದ ಒಂದು ಇಂಚು. ಸ್ವಲ್ಪ ಬಗ್ಗಿಸಿದಾಗ ಚಿಟ್ ಅಂತ ಸಣ್ಣ ಶಬ್ದವೂ ಬಂತು. ಗೆರೆ ಒಂದಿಂಚು, ಅಣಸು ಒಂದೂವರೆ ಇಂಚು, ಮುಚ್ಚಿ ಹೋಗ್ತದೆ ಅಂದುಕೊಂಡೆ. ಒನಕೆ ಸೀಳಿದರೆ ಆಚಾರಿ ಹೊಸ ಅಣಸು ಬಡಿದು ಕೊಡ್ತಿದ್ದ, ಮತ್ತೆರಡು ವರ್ಷ ಕುಟ್ಟಬಹುದಿತ್ತು. ಗುದ್ದಲಿ ಕಾವು ಸೀಳಿದರೆ ತಂತಿ ಸುತ್ತಿ ಕೆಲಸ ಮಾಡಿದವರು ನಾವು. ಅದೇ ಬುದ್ಧಿ ಇಲ್ಲೂ ಓಡಿತು. 650 ರೂಪಾಯಿ ಉಳೀತು ಅಂತ ಅಂಟು ಬಳಿದು ಅಣಸು ಕೂರಿಸಿದೆ. ಮಗಳಿಗೆ ಹೇಳಲಿಲ್ಲ. ಹೇಳೋವಂಥದ್ದು ಅಂತಲೇ ಅನಿಸಲಿಲ್ಲ.

ದೀಪಾವಳಿ ಕಳೆದು ಎರಡನೇ ಭಾನುವಾರ. ನಾನು ಅಂಗಳದಲ್ಲಿ ಅಡಿಕೆ ಹರವ್ತಿದ್ದೆ. ಹೆದೆ ಬಿಟ್ಟ ಶಬ್ದ ದಿನಾ ಕೇಳಿ ಕಿವಿಗೆ ಅಭ್ಯಾಸ. ಆವತ್ತು ಆ ಶಬ್ದದ ಜೊತೆ ಒಣ ಬಿದಿರು ಮುರಿದ ಹಾಗೆ ಇನ್ನೊಂದು ಕೇಳ್ತು. ಆಮೇಲೆ "ಅಪ್ಪಯ್ಯಾ" ಅಂತ ಒಂದೇ ಕೂಗು.

ಎಡಗೈ ಹೆಬ್ಬೆರಳ ಬುಡದಲ್ಲಿ ಕರಿ ಚೂರು ಚುಚ್ಚಿ ನಿಂತಿತ್ತು. ರಕ್ತ ಅಷ್ಟೇನೂ ಇಲ್ಲ, ಆದರೆ ಸೂಜಿ ಕಟ್ಟು ಬಿಚ್ಚಿದ ಹಾಗೆ ಸಣ್ಣ ಸಣ್ಣ ಎಳೆ. ಕೀಳೋದಕ್ಕೆ ಹೋಗಲಿಲ್ಲ, ಬಟ್ಟೆ ಸುತ್ತಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರು, ಕಾರ್ಬನ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣೋದಿಲ್ಲ, ಬಿಡಿಸಿ ನೋಡಿಯೇ ತೆಗೀಬೇಕು ಅಂದ್ರು. ಎರಡು ಚೂರು ತೆಗೆದು ನಾಲ್ಕು ಹೊಲಿಗೆ ಹಾಕಿದ್ರು. ಸ್ವಲ್ಪ ಆಚೆ ಹೋಗಿದ್ದರೆ ಬೆರಳು ಮಡಚೋ ನರವೇ ಹೋಗ್ತಿತ್ತು ಅಂದ್ರು.

ವಾಪಸ್ ಬರುವಾಗ ಜೀಪಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಅಪ್ಪಯ್ಯ, ನಾನು ಚೆಕ್ ಮಾಡೇ ಹೊಡೆದಿದ್ದೆ."

ಹೌದು, ಅವಳು ನೋಡಿದ್ದಳು. ಪ್ರತಿ ಬಾಣವನ್ನೂ ತಿರುಗಿಸಿ ನೋಡಿ, ಬೆರಳಾಡಿಸಿಯೇ ಹೆದೆಗೆ ಹಾಕೋದು ಅವಳ ಅಭ್ಯಾಸ. ಅವಳು ನೋಡೋ ಜಾಗವನ್ನೇ ನಾನು ಅಲ್ಯೂಮಿನಿಯಂನಲ್ಲಿ ಮುಚ್ಚಿಬಿಟ್ಟಿದ್ದೆ. ಕಣ್ಣಿಗೆ ಕಂಡ ಗೆರೆ ಒಂದಿಂಚು, ಒಳಗೆ ಪದರದಲ್ಲಿ ಅದು ಎಷ್ಟು ಹಿಂದಕ್ಕೆ ಓಡಿತ್ತೋ. ಬಾಣ ಒಂದೊಂದು ಸಲ ಬಳುಕಿದಾಗಲೂ ಇನ್ನಷ್ಟು ಓಡಿದೆ. ಕೊನೆಗೆ ಅಣಸಿನ ಹಿಂದೆ, ಬಿಲ್ಲು ಹಿಡಿದ ಕೈ ಮೇಲೇ ಸಿಡೀತು.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ ಹೇಳಿದೆ. ಹೆಂಡತಿ ತಟ್ಟೆ ಬಿಟ್ಟು ಎದ್ದು ಹೋದಳು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ರೆ ನಾನೇ ಮುರಿದು ಹಾಕ್ತಿದ್ನಲ್ಲ ಅಪ್ಪಯ್ಯ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರಕ್ಕೂ ಕಾರ್ಬನ್ನಿಗೂ ಇರೋ ವ್ಯತ್ಯಾಸ ಇಷ್ಟೇ. ಮರ ಹೇಳಿ ಮುರೀತದೆ. ಕಾವು ಕರಕರ ಅಂತದೆ, ಬಾಗ್ತದೆ, ನಾರು ಎದ್ದು ಕೈಗೆ ಚುಚ್ಚತದೆ. ನಮಗೆ ಕೆಳಗಿಡೋದಕ್ಕೆ ಟೈಮ್ ಕೊಡ್ತದೆ. ಕಾರ್ಬನ್ ಕೊನೇ ಗಳಿಗೆ ತನಕ ಹೊಸದರ ಹಾಗೇ ಇದ್ದು ಒಮ್ಮೆಗೇ ಹೋಗ್ತದೆ. ಅದು ಹೇಳೋದೇನಿದ್ರೂ ಆ ಒಂದು ಕೂದಲೆಳೆ ಗೆರೆ, ಆ ಒಂದು ಚಿಟ್ ಶಬ್ದ. ಅದನ್ನ ಕೇಳಿಸಿಕೊಂಡವನು ನಾನೊಬ್ಬನೇ, ಅದರ ಬಾಯಿ ಮುಚ್ಚಿದವನೂ ನಾನೇ. ಅಣಸು ಒಡೆಯೋ ಮೊದಲು ಹಾಕೋ ವಸ್ತು. ಒಡೆದ ಮೇಲೆ ಹಾಕಿದರೆ ಅದು ಮುಚ್ಚಳ.

ಈಗ ನಮ್ಮನೆಯಲ್ಲಿ ನಡೆಸೋ ಕ್ರಮ ಹೀಗಿದೆ. ಅಣಸು ಹೊಸ ಬಾಣಕ್ಕೆ ಮಾತ್ರ, ಒಂದು ಬಾಣವನ್ನೂ ಬಿಡೋ ಮೊದಲು. ಬಾಣ ಎಲ್ಲೇ ಬಡಿದು ಬಂದರೂ ಮುಖದಿಂದ ದೂರ ಹಿಡಿದು, ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಗಿಸಿ ಮತ್ತೆ ಬಗ್ಗಿಸಿ ಕಿವಿಗೊಡೋದು. ಸ್ವಲ್ಪ ಹಿಂಡಿಯೂ ನೋಡೋದು. ಹತ್ತಿ ಉಂಡೆಯಿಂದ ಉದ್ದಕ್ಕೂ ಸವರಿದರೆ ಎದ್ದ ಎಳೆ ಹತ್ತಿಯನ್ನ ಹಿಡೀತದೆ, ಬೆರಳಿಂದ ಸವರಬೇಡಿ. ಅನುಮಾನ ಬಂದ ಬಾಣವನ್ನ ಅಲ್ಲೇ ಎರಡು ತುಂಡು ಮಾಡಿ ಎಸೆಯೋದು, ಇಟ್ಟುಕೊಂಡರೆ ಯಾವತ್ತಾದ್ರೂ ಯಾರಾದ್ರೂ ಬತ್ತಳಿಕೆಗೆ ಹಾಕ್ತಾರೆ. ಉಳಿದಿದ್ದ ಮೂರನ್ನೂ, ಅಣಸಿನ ಕೆಳಗೆ ಏನಿದೆ ಅಂತ ನೋಡೋದಕ್ಕಾಗೋದಿಲ್ಲ ಅಂತ ಮಗಳೇ ಮುರಿದಳು. ಎಲ್ಲಕ್ಕಿಂತ ಮುಖ್ಯ, ಪಿಂಡಿ ಹಿಂದೆ ಅಡಿಕೆ ಸಿಪ್ಪೆ ತುಂಬಿದ ಚೀಲ ಆಳೆತ್ತರಕ್ಕೆ ಒಟ್ಟಿದೀನಿ. ಈಗ ತಪ್ಪಿದ ಬಾಣ ಕಲ್ಲಿಗೆ ಹೋಗೋದೇ ಇಲ್ಲ. ಇದನ್ನ ಮೊದಲ ದಿನವೇ ಮಾಡಿದ್ದರೆ ಅಣಸಿನ ಕಥೆಯೇ ಬರ್ತಿರಲಿಲ್ಲ. ಚೀಲಕ್ಕೆ ದುಡ್ಡೂ ಇಲ್ಲ.

ಇನ್ನು ದೋಟಿ. ನಮ್ಮ ಕಾರ್ಬನ್ ದೋಟಿಯೂ ಇದೇ ಜಾತಿಯ ಟೊಳ್ಳು ಕೊಳವೆ. ತುದಿಗೆ ಕತ್ತಿ ಕೂರಿಸೋ ಜಾಗದಲ್ಲಿ ಇದೇ ಬೆಣೆಯ ಕೆಲಸ ನಡೀತದೆ. ಹೊಸದರಲ್ಲೇ ಮೇಲಿನ ತುಂಡಿನ ಬಾಯಿಗೆ ಎರಡಿಂಚಿನ ಅಲ್ಯೂಮಿನಿಯಂ ಬಳೆ ಹಾಕಿಸಿಕೊಂಡರೆ ಒಳ್ಳೇದು. ನಾನು ಹಾಕಿದೀನಿ. ತುದಿಯ ಭಾರ ಕೆಳಗೆ ನಿಂತವನ ತೋಳಿಗೆ ಹತ್ತಾರು ಪಟ್ಟಾಗಿ ಬರ್ತದೆ, ಅದಕ್ಕೇ ಎರಡಿಂಚು ಸಾಕು. ಬಳೆಗೂ ಕಾರ್ಬನ್ನಿಗೂ ನಡುವೆ ಅಂಟಿನ ಪದರ ಪೂರ್ತಿ ಇರಲಿ. ಎರಡೂ ನೇರ ತಾಗಿ ನೀರು ನಿಂತರೆ ಅಲ್ಯೂಮಿನಿಯಂ ತಿಂದು ಹೋಗ್ತದೆ. ಬೋರ್ಡೋ ಹೊಡೆದ ದಿನ ತೊಳೆದಿಡಿ, ಮೈಲುತುತ್ತು ಅಲ್ಯೂಮಿನಿಯಂಗೆ ವೈರಿ. ಗೆರೆ ಬಿದ್ದ ತುಂಡಿಗೆ ಬಳೆ ಹಾಕಿ ಸುಧಾರಿಸೋ ಯೋಚನೆ ಮಾತ್ರ ಬೇಡ. ತುಂಡು ಬದಲಾಯಿಸಿ. ಐವತ್ತು ಅಡಿ ಮೇಲಿಂದ ಕತ್ತಿ ಸಮೇತ ಬೀಳೋದು ಯಾರ ತಲೆ ಮೇಲೆ ಅಂತ ಹೇಳೋದಕ್ಕಾಗೋದಿಲ್ಲ. ಕಾರ್ಬನ್ ಕರೆಂಟನ್ನೂ ಹರಿಸ್ತದೆ, ತಂತಿ ಹತ್ತಿರ ದೋಟಿ ಎತ್ತಬೇಡಿ.

ಕೆಲವರು ಬಿಲ್ಲು ನೋಡಿದ ಕೂಡಲೇ ಕೇಳೋದು ಒಂದೇ, ಮಂಗನಿಗೆ, ಹಂದಿಗೆ ಆಗ್ತದಾ ಅಂತ. ಬೆಳೆ ಕಳಕೊಂಡ ಸಿಟ್ಟು ನನಗೂ ಇದೆ. ಆದರೆ 1972ರ ವನ್ಯಜೀವಿ ಕಾಯ್ದೆ ಇದೆ, ಕೇಸಾಗ್ತದೆ. ಇದು ಪಿಂಡಿಗೆ ಹೊಡೆಯೋ ಬಿಲ್ಲು, ಅಷ್ಟಕ್ಕೇ ಇರಲಿ.

ಹೋದ ಶನಿವಾರ ಹೊಸ ಆರು ಬಾಣ ಬಂತು. ಅಣಸು ಹಾಕೋದಕ್ಕೆ ಕೂತೆ. ಮಗಳು ಪಕ್ಕ ಬಂದು ಕೂತು, ಒಂದೊಂದನ್ನೂ ತಾನೇ ಬಗ್ಗಿಸಿ, ಕಿವಿ ಹತ್ತಿರ ತಂದು ಕೇಳಿ, ಆಮೇಲೆ ನನ್ನ ಕೈಗೆ ಕೊಟ್ಟಳು. ನಾನು ಮತ್ತೆ ಬಗ್ಗಿಸಿ ಕೇಳಿಯೇ ಅಂಟು ಬಳಿದೆ.

ಕೊಯ್ಲು ಇನ್ನೂ ಬಾಕಿ ಇದ್ದವರು ದೋಟಿ ಎತ್ತೋ ಮೊದಲು ಒಂದು ಸಲ ಬಾಯಿ ಹತ್ತಿರ ಬೆಳಕಿಗೆ ಹಿಡಿದು ನೋಡಿ. ಗೆರೆ ಕಂಡರೆ ಮನೆಯವರಿಗೂ ಕೆಲಸದವರಿಗೂ ಹೇಳಿ. ಮುಚ್ಚಬೇಡಿ.